ಉಡಿ ತುಂಬಿದ ಕೈ

ನನಗೆ ಬಂದದ್ದು ಮಂಕಿಪಾಕ್ಸ್. ಈಗ ಅದಕ್ಕೆ ಎಂಪಾಕ್ಸ್ ಅನ್ನಬೇಕಂತೆ. ಹಳೆಯ ಹೆಸರಿನಿಂದ ರೋಗಿಗಳಿಗೂ ಅವರ ದೇಶಗಳಿಗೂ ಅವಮಾನವಾಗುತ್ತದೆಂದು ತಿಳಿದವರೆಲ್ಲ ಕೂಡಿ ಹೆಸರು ಬದಲಿಸಿದ್ದಾರೆ. ಒಳ್ಳೆಯ ಕೆಲಸವೇ. ಆದರೆ ಹೊಸ ಹೆಸರು ಮೂಡಲಗಿಯ ನಮ್ಮ ಓಣಿಯ ತನಕ ಬಂದು ಮುಟ್ಟಲಿಲ್ಲ, ರೋಗ ಮಾತ್ರ ಮುಟ್ಟಿತು. ನಮ್ಮಲ್ಲಿ ಅದು ಮಂಗ್ಯಾನ ಬ್ಯಾನಿಯಾಯಿತು, ನಮ್ಮದು ಮಂಗ್ಯಾನ ಬ್ಯಾನಿ ಮನಿಯಾಯಿತು. ಹಾಲು ಹಾಕುವವಳು ಪಾತ್ರೆಯನ್ನು ಕಟ್ಟೆಯ ಮೇಲೆ ಇಡಿಸಿ, ಮಾರು ದೂರದಿಂದ ಸುರಿದು ಹೋಗುತ್ತಿದ್ದಳು. ಅರ್ಧ ಹಾಲು ಕಟ್ಟೆಗೆ ಹೋಗುತ್ತಿತ್ತು.

ಈಗ ಗುಣವಾಗಿದ್ದೇನೆ. ಮುಖದ ಮೇಲೆ, ಅಂಗೈಯಲ್ಲಿ ಕಲೆಗಳಿವೆ. ಬರಬರುತ್ತ ಮಾಸುತ್ತವೆ ಎಂದಿದ್ದಾರೆ. ಸಿಟ್ಟು ಮಾಸುವ ಬಗ್ಗೆ ಯಾರೂ ಏನೂ ಹೇಳಿಲ್ಲ. ನಾಳೆ ಇನ್ನಾವುದೋ ಊರಿನಲ್ಲಿ ಇಂಥದೇ ಗುಳ್ಳೆ ಎದ್ದ ಹೆಣ್ಣುಮಗಳೊಬ್ಬಳು ಬಾಗಿಲು ಹಾಕಿಕೊಂಡು ಕೂತು, ಜಗತ್ತಿನಲ್ಲಿ ತನಗೊಬ್ಬಳಿಗೇ ಹೀಗಾಯಿತು ಎಂದುಕೊಳ್ಳಬಾರದು. ಅದಕ್ಕಾಗಿ ಬರೆಯುತ್ತಿದ್ದೇನೆ. ಸಮಾಧಾನ ಹೇಳುವಷ್ಟು ತಣ್ಣಗೆ ನಾನಿನ್ನೂ ಆಗಿಲ್ಲ. ನಡೆದದ್ದನ್ನು ಹೇಳಬಲ್ಲೆ.

ಗೋಕಾಕದ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಗಂಡನ ಮನೆ ಮೂಡಲಗಿ, ತವರು ಹುಕ್ಕೇರಿ ತಾಲ್ಲೂಕಿನ ದಡ್ಡಿ. ನನ್ನ ಗಂಡ ಮಹಾಂತೇಶ ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನ್‌ಮನ್. ಕಬ್ಬಿನ ಪಾಕವನ್ನು ಕುದಿಸಿ ಹರಳು ಕಟ್ಟಿಸುವ ದೊಡ್ಡ ಕಡಾಯಿಗೆ ಪ್ಯಾನ್ ಎನ್ನುತ್ತಾರೆ. ಅದರ ಮುಂದೆ ನಿಂತು, ಪಾಕವನ್ನು ಆಗಾಗ ಗಾಜಿನ ಪಟ್ಟಿಯ ಮೇಲೆ ಸವರಿ ಬೆಳಕಿಗೆ ಹಿಡಿದು ನೋಡಿ, ಹರಳು ಎಷ್ಟು ಬೆಳೆದಿದೆ ಎಂದು ಹೇಳುವವನೇ ಪ್ಯಾನ್‌ಮನ್. ನಮ್ಮ ಭಾಗದಲ್ಲಿ ಈ ವಿದ್ಯೆ ಬಲ್ಲವರು ಬಹಳ. ಹೊರದೇಶದ ಕಾರ್ಖಾನೆಯವರಿಗೂ ಅದು ಗೊತ್ತು. ಹೀಗಾಗಿ ಗೋಕಾಕ, ಹುಕ್ಕೇರಿ ಕಡೆಯ ಗಂಡಸರು ಪೂರ್ವ ಆಫ್ರಿಕಾಕ್ಕೆ ಹೋಗಿ ಒಂದೆರಡು ಹಂಗಾಮು ಸಕ್ಕರೆ ಕುದಿಸಿ ಬರುವುದು ನಮಗೆ ಹೊಸದಲ್ಲ. ಮಹಾಂತೇಶ ಕೂಡ ಹಾಗೆ ಹೋಗಿ, ಹಂಗಾಮು ಮುಗಿಸಿ ಬಂದರು.

ಬಂದಾಗ ಅವರ ಎಡ ಮುಂಗೈಯಲ್ಲಿ, ಕತ್ತಿನ ಪಕ್ಕದಲ್ಲಿ ಒಂದಷ್ಟು ಗುಳ್ಳೆಗಳಿದ್ದವು. ಕೆಲವು ಒಣಗಿದ್ದವು, ಕೆಲವಕ್ಕೆ ಇನ್ನೂ ಹೊಪ್ಪಳೆ ಕಟ್ಟುತ್ತಿತ್ತು. ನಾವು ಯಾರೂ ಏನೂ ಅಂದುಕೊಳ್ಳಲಿಲ್ಲ. ಪ್ಯಾನ್‌ಮನ್‌ನ ಮುಂಗೈ ಎಂದಾದರೂ ಚೊಕ್ಕಟ ಇರುವುದುಂಟೇ? ಪಾಕ ಸಿಡಿಯುತ್ತದೆ, ಸಕ್ಕರೆ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ, ಗುಳ್ಳೆ ಏಳುತ್ತದೆ. ಮದುವೆಯಾದಾಗಿನಿಂದ ನಾನು ಆ ಕೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತಲೇ ಇದ್ದೇನೆ. ಅತ್ತೆ ಕೈ ಹಿಡಿದು ನೋಡಿ, ಅಲ್ಲಿಯ ಪಾಕ ಇಲ್ಲಿಗಿಂತ ಹೆಚ್ಚು ಸಿಡಿಯುತ್ತದೇನೋ ಎಂದು ಚೇಷ್ಟೆ ಮಾಡಿದರು. ಮಹಾಂತೇಶ ನಕ್ಕು ಹೌದೆಂದರು. ನಾನು ಎಣ್ಣೆ ತಂದು, ಒಂದೊಂದು ಗುಳ್ಳೆಗೂ ಬೆರಳಿನಿಂದ ಹಚ್ಚಿದೆ.

ಆ ಬೆರಳನ್ನು ನಾನು ಈಗಲೂ ನೋಡಿಕೊಳ್ಳುತ್ತಿರುತ್ತೇನೆ. ಪಾಠ ಮಾಡುವಾಗ ಬೋರ್ಡಿನ ಮೇಲೆ ಬರೆಯುತ್ತ ಬರೆಯುತ್ತ ನಿಂತುಬಿಡುತ್ತೇನೆ.

ಮುಂದೆ ನನಗೆ ಜ್ವರ ಬಂತು. ಬೆನ್ನು ಮುರಿದು ಹಾಕಿದಂಥ ನೋವು, ಕಿವಿಯ ಕೆಳಗೆ ಗಂಟು. ನಂತರ ಬಲ ಹೆಬ್ಬೆರಳಿನ ಬುಡದಲ್ಲಿ ಒಂದು ಗುಳ್ಳೆ, ತುಟಿಯ ಪಕ್ಕ ಒಂದು, ಆಮೇಲೆ ಮುಖದ ತುಂಬ. ಗೋಕಾಕದ ಒಂದು ಖಾಸಗಿ ದವಾಖಾನೆಗೆ ಹೋದೆವು. ಹೊರಗಿನ ಬೆಂಚಿನ ಮೇಲೆ ಕೂಸುಗಳನ್ನು ಎತ್ತಿಕೊಂಡವರು, ಮುದುಕರು ಎಲ್ಲರ ನಡುವೆ ಒತ್ತಿಕೊಂಡು ಕೂತೆ. ಪಕ್ಕದ ಹೆಣ್ಣುಮಗಳ ಕೂಸು ನನ್ನ ಬಳೆ ಹಿಡಿದು ಆಡುತ್ತಿತ್ತು, ನಾನು ಆಡಗೊಟ್ಟೆ. ಒಳಗೆ ಡಾಕ್ಟರು ಮೇಜಿನ ಆಚೆಯಿಂದಲೇ ನೋಡಿ ಚಿಕನ್ ಪಾಕ್ಸ್ ಎಂದರು. ನನಗೆ ಅದು ಸಣ್ಣವಳಿದ್ದಾಗಲೇ ಆಗಿದೆ ಎಂದೆ. ಒಮ್ಮೊಮ್ಮೆ ಎರಡನೆಯ ಸಲವೂ ಬರುತ್ತದೆ, ತಂಪು ತಿನ್ನಿರಿ ಎಂದು ಮುಂದಿನವರನ್ನು ಕರೆದರು. ಮನೆಗೆ ಯಾರು ಎಲ್ಲಿಂದ ಬಂದಿದ್ದಾರೆ ಎಂದು ಕೇಳಲಿಲ್ಲ. ನನ್ನ ಪಕ್ಕದಲ್ಲಿ, ವಿದೇಶದಿಂದ ಬಂದ ಗಂಡ, ಉದ್ದ ತೋಳಿನ ಹೊಸ ಅಂಗಿ ಹಾಕಿಕೊಂಡು ನಿಂತಿದ್ದರು.

ಮನೆಯಲ್ಲಿ ಅತ್ತೆಗೆ ಡಾಕ್ಟರ ಮಾತೇ ಬೇಕಿರಲಿಲ್ಲ. ಅವರು ನನ್ನ ಮುಖ ನೋಡಿದವರೇ ಕೈ ಮುಗಿದರು.

"ತಾಯಿ ಬಂದಾಳವ್ವಾ. ಎಣ್ಣಿ ಒಗ್ಗರಣಿ ಬಂದ್."

ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆತನ. ಅತ್ತೆ ದಿನಾ ಪೂಜೆ ಮಾಡದೆ ಹನಿ ನೀರೂ ಕುಡಿಯುವವರಲ್ಲ. ಆದರೆ ಮೈಮೇಲೆ ಗುಳ್ಳೆ ಎದ್ದಾಗ ನಮ್ಮ ಕಡೆ ಎಲ್ಲ ಮನೆಗಳಲ್ಲೂ ಊರದೇವಿ ಬಂದಳೆಂದೇ ಲೆಕ್ಕ. ಬಾಗಿಲಿಗೆ ಬೇವು ಕಟ್ಟಿದರು. ಮೆತ್ತನೆಯ ಹಳೆಯ ಸೀರೆ ಹಾಸಿ ಮಲಗಿಸಿದರು. ಮೊಸರನ್ನ ಕೈಯಲ್ಲಿ ಕಲಸಿ ಕೊಟ್ಟರು. ನಾನು ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅತ್ತೆ ನನ್ನನ್ನು ಮೊದಲ ಬಾರಿಗೆ ಏಕವಚನ ಬಿಟ್ಟು ಮಾತಾಡಿಸಿದರು, ಒಂದು ಸಂಜೆ ನನ್ನ ಕಾಲು ತೊಳೆದರು. ಬೇಡವೆಂದೆ. "ನಿಮಗಲ್ಲ, ಆಕಿಗಿ," ಎಂದರು. ಸುಳ್ಳು ಯಾಕೆ ಹೇಳಲಿ, ಮೈಯೆಲ್ಲ ಉರಿಯುತ್ತಿದ್ದಾಗ ಆ ತಣ್ಣನೆಯ ನೀರು, ಆ ಮುದಿ ಕೈಗಳು ಹಿತವಾಗಿದ್ದವು. ಇದಕ್ಕಿಂತ ಮೃದುವಾಗಿ ನನ್ನನ್ನು ಆ ಮನೆಯಲ್ಲಿ ಯಾರೂ ನೋಡಿಕೊಂಡಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ನನ್ನ ತಮ್ಮ ಈರಣ್ಣ ದಡ್ಡಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾನೆ. ಅವನ ಹೆಂಡತಿ ರೂಪಾ. ಅವಳಿಗೆ ಮೊದಲು ಎರಡು ಸಲ ಬಸಿರು ನಿಂತಿರಲಿಲ್ಲ. ಈ ಸಲ ನಿಂತು, ಏಳನೆಯ ತಿಂಗಳಿಗೆ ಬಂದಿತ್ತು. ದಡ್ಡಿಯಲ್ಲಿ ಕುಬಸದ ಕಾರ್ಯ, ಅಂದರೆ ಸೀಮಂತ, ಮುಗಿಸಿ, ಅವಳ ತವರಿನವರು ಬಾಣಂತನಕ್ಕೆಂದು ಕೌಜಲಗಿಗೆ ಕರೆದುಕೊಂಡು ಹೊರಟಿದ್ದರು. ಅತ್ತೆಗೆ ಈ ಸುದ್ದಿ ಗೊತ್ತಿತ್ತು. ತಾಯಿ ಮೈಮೇಲೆ ಬಂದವಳು ತನ್ನ ಕೈಯಾರೆ ಉಡಿ ತುಂಬಿದರೆ ಬಸಿರು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ಅವರ ನಂಬಿಕೆ. ಅವರ ತವರಿನಲ್ಲಿ ಹಾಗೆ ಮಾಡಿ ಬದುಕಿದ ಕೂಸುಗಳ ಹೆಸರನ್ನೆಲ್ಲ ಹೇಳಿದರು. ಫೋನು ಮಾಡಿ, ಹಾದಿಯಲ್ಲಿ ಮೂಡಲಗಿಗೆ ಬಂದು ಹೋಗಿರೆಂದು ಕರೆದರು. ರೂಪಾ ಕುಣಿದು ಬಂದಳು. ಎರಡು ಸಲ ಕಳೆದುಕೊಂಡವಳು, ಯಾರು ಏನು ಹೇಳಿದರೂ ಮಾಡುತ್ತಿದ್ದಳು.

ನಡುಮನೆಯಲ್ಲಿ ಅವಳನ್ನು ಮಣೆಯ ಮೇಲೆ ಕೂರಿಸಿದರು. ನಾನು ಎದುರಿಗೆ ಕೂತೆ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಎಲೆ ಅಡಿಕೆ, ರವಿಕೆಗೆಂದು ಹಳದಿ ಕುಬಸದ ಬಟ್ಟೆ. ಒಂದೊಂದನ್ನೇ ಅವಳ ಸೆರಗಿಗೆ ಹಾಕಿದೆ. ಹೆಬ್ಬೆರಳಿನ ಬುಡದ ಗುಳ್ಳೆ ಅಷ್ಟರಲ್ಲಿ ಒಡೆದಿತ್ತು. ಹಳದಿ ಬಟ್ಟೆಗೆ ಒಂದು ಕಡೆ ಹಸಿ ತಾಗಿದ್ದು ನನಗೆ ಕಾಣಿಸಿತು. ಅತ್ತೆಗೂ ಕಾಣಿಸಿರಬೇಕು, ಅವರು ಅದನ್ನು ಪ್ರಸಾದದಂತೆ ಮಡಚಿ ಒಳಗೆ ಇಟ್ಟರು. ಉಡಿ ತುಂಬಿದ್ದಾದ ಮೇಲೆ ರೂಪಾ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಸೆರಗು ಸರಿಸಿ ನನ್ನ ಅಂಗೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು.

"ಅಕ್ಕಾರ, ಒದಿಯಾಕತ್ತೈತಿ ನೋಡ್ರಿ," ಎಂದಳು.

ಒದೆಯಿತು. ಅಂಗೈಗೆ ಒಳಗಿನಿಂದ ಬಡಿಯಿತು. ನಾವಿಬ್ಬರೂ ನಕ್ಕೆವು.

ರೂಪಾ ಕೌಜಲಗಿಗೆ ಹೋದ ಮೇಲೆ ನನ್ನ ಬಾಯೊಳಗೆ, ಗಂಟಲಲ್ಲಿ ಗುಳ್ಳೆ ಎದ್ದವು. ಮೊಸರನ್ನವೂ ಇಳಿಯದಾಯಿತು. ಉಗುಳು ನುಂಗಲು ಅಳು ಬರುತ್ತಿತ್ತು. ಅತ್ತೆ ಬೇಡವೆಂದರೂ ಮಹಾಂತೇಶ ನನ್ನನ್ನು ಸರ್ಕಾರಿ ದವಾಖಾನೆಗೆ ಕರೆದೊಯ್ದರು. ಅಲ್ಲಿ ಒಬ್ಬ ಎಳೆಯ ಡಾಕ್ಟರಮ್ಮ ಇದ್ದರು. ಬಾಯಿ ನೋಡಿದರು, ಅಂಗೈ ನೋಡಿದರು. ಆಮೇಲೆ ಅಷ್ಟು ದಿನ ಯಾರೂ ಕೇಳದ ಪ್ರಶ್ನೆ ಕೇಳಿದರು, "ಮನ್ಯಾಗ ಯಾರರ ಹೊರದೇಶದಿಂದ ಬಂದಾರೇನ್ರಿ?"

ಮಹಾಂತೇಶ ನಾನೇ ಎಂದರು. ಅಂಗಿಯ ತೋಳು ಏರಿಸಲು ಡಾಕ್ಟರಮ್ಮ ಹೇಳಿದರು. ಏರಿಸಿದರು. ಡಾಕ್ಟರಮ್ಮ ಗೋಡೆಯ ತನಕ ಹಿಂದೆ ಸರಿದರು. ಕೈಗವಸು ಹಾಕಿಕೊಂಡು ಮತ್ತೆ ಮುಂದೆ ಬಂದು ನನ್ನ ಮೊಣಕೈ ಹಿಡಿದು ಕೂರಿಸಿದರು. ಹೆದರಿದ್ದರು, ಆದರೂ ಬಂದರು. ಅದನ್ನು ನಾನು ಮರೆಯುವುದಿಲ್ಲ.

ಆಮೇಲಿನದು ಎಲ್ಲ ಗದ್ದಲ. ಓಡಾಡುವ ಶಕ್ತಿ ಇದ್ದವಳನ್ನು ಕರೆದೊಯ್ಯಲು ಸೈರನ್ ಹಾಕಿಕೊಂಡು ಆಂಬುಲೆನ್ಸ್ ಬಂತು. ನಮ್ಮ ಓಣಿಗೆ ಹೋಗಿ, ಅತ್ತೆಯನ್ನು ಹೊರಗೆ ಕರೆದು, ಮನೆಗೆ ಔಷಧಿ ಹೊಡೆದರಂತೆ. ಬಾಗಿಲ ಬೇವನ್ನು ಕೋಲಿನಿಂದ ಕೆಡವಿದರಂತೆ. ಯಾರೋ ವಿಡಿಯೋ ಮಾಡಿದರು. ನಾನು ಬೆಳಗಾವಿ ಮುಟ್ಟುವಷ್ಟರಲ್ಲಿ ನನ್ನ ಹೆಸರು, ನನ್ನ ಕಾಲೇಜು, ನನ್ನ ಗಂಡ ಎಲ್ಲಿದ್ದರು ಎಂಬುದು ಎಲ್ಲರ ಮೊಬೈಲಿನಲ್ಲಿತ್ತು. ನನ್ನ ವರದಿ ಇನ್ನೂ ಬಂದಿರಲಿಲ್ಲ, ಮಾದರಿ ಆಗಷ್ಟೇ ಡಬ್ಬಿ ಸೇರಿತ್ತು. ಆ ವಿಡಿಯೋದ ಕೆಳಗೆ ಜನ ಬರೆದ ಮಾತುಗಳನ್ನು ನಾನು ಓದಿದೆ. ಕೆಲವು ನನ್ನ ವಿದ್ಯಾರ್ಥಿಗಳವು. ಅವುಗಳನ್ನು ಇಲ್ಲಿ ಬರೆದು ಇನ್ನೊಮ್ಮೆ ಓದಿಸಲಾರೆ.

ಆಂಬುಲೆನ್ಸಿನಿಂದಲೇ ರೂಪಾಗೆ ಫೋನು ಮಾಡಿದೆ. ಗಂಟಲಿನ ಹುಣ್ಣಿಗೆ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ಇದು ಚಿಕನ್ ಪಾಕ್ಸ್ ಅಲ್ಲವಂತೆ, ಕೈ ಮೈ ನೋಡಿಕೊ, ಕುಬಸದ ಬಟ್ಟೆ ಮುಟ್ಟಬೇಡ, ಡಾಕ್ಟರರಿಗೆ ಹೇಳು ಎಂದೆ. ಅವಳ ಉಸಿರು ಕೇಳುತ್ತಿತ್ತು. ನಂತರ ಕೇಳಿದಳು, "ಕೂಸಿಗೇನಾಕ್ಕೈತ್ರಿ ಅಕ್ಕಾರ?"

ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದವನನ್ನು ಕೇಳಿದೆ. ಅವನು ಮೈತುಂಬ ಬಿಳಿ ಕವಚ ಹಾಕಿಕೊಂಡು ಕಿಟಕಿಯ ಆಚೆ ನೋಡುತ್ತಿದ್ದ. ಅಷ್ಟರಲ್ಲಿ ರೂಪಾಳ ತಾಯಿ ಫೋನು ಕಸಿದುಕೊಂಡರು.

"ಉಡಿ ತುಂಬತೀವಂತ ಕರದು ವಿಷಾ ತುಂಬಿ ಕಳಿಸಿದ್ರಲ್ಲ್ರಿ. ನೀವು ಕಲ್ತಾವ್ರು. ಮುದುಕಿಗಿ ತಿಳೀಲಿಲ್ಲ, ನಿಮಗೂ ತಿಳೀಲಿಲ್ಲ?"

ಬಹಳ ಜನ ಬಹಳ ಮಾತು ಆಡಿದರು. ಒಳಗೆ ಕೂತಿರುವುದು ಇದೊಂದೇ. ಉತ್ತರ ಹುಡುಕುತ್ತೇನೆ. ಕಲಿತ ಡಾಕ್ಟರು ಚಿಕನ್ ಪಾಕ್ಸ್ ಎಂದಿದ್ದರು ಎನ್ನುತ್ತೇನೆ. ವಿಮಾನ ನಿಲ್ದಾಣದಲ್ಲಿ ಜ್ವರ ಅಳೆದು ಒಳಗೆ ಬಿಟ್ಟಿದ್ದರು ಎನ್ನುತ್ತೇನೆ. ಆ ದಿನ ಮಹಾಂತೇಶರಿಗೆ ಜ್ವರ ಇರಲಿಲ್ಲ, ಅಳೆದ ಯಂತ್ರ ತಪ್ಪು ಹೇಳಲಿಲ್ಲ. ಈ ಉತ್ತರಗಳನ್ನೆಲ್ಲ ರೂಪಾಳ ತಾಯಿಯ ಎದುರು ಮನಸ್ಸಿನಲ್ಲೇ ಇಡುತ್ತ ಹೋಗುತ್ತೇನೆ. ಅವರು ಮತ್ತೆ ಅದೇ ಕೇಳುತ್ತಾರೆ.

ದೊಡ್ಡ ಆಸ್ಪತ್ರೆಯಲ್ಲಿ ನನ್ನನ್ನು ಒಂದು ಮೂಲೆಯ ಕೋಣೆಯಲ್ಲಿ ಇಟ್ಟರು. ವರದಿ ಬಂತು, ಅದೇ ರೋಗ. ಮಹಾಂತೇಶರ ಹೊಪ್ಪಳೆಗಳು ಉದುರಿದ್ದರೂ ಅವರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿದರು. ಒಬ್ಬ ಅಧಿಕಾರಿ ಬಂದು ನನ್ನ ಬಾಗಿಲಲ್ಲಿ ನಿಂತರು. ಕಾರಿಡಾರಿನಲ್ಲಿ ಕಸಗುಡಿಸುವವರು, ಇನ್ನೊಬ್ಬ ರೋಗಿಯ ಕಡೆಯವರು, ಪೋಲೀಸಿನವನೊಬ್ಬ, ಎಲ್ಲರೂ ಇದ್ದರು. ಅವರೆಲ್ಲರೆದುರು ಅಧಿಕಾರಿ ಜೋರಾಗಿ ಕೇಳಿದ್ದು, ನಿಮ್ಮ ಯಜಮಾನರಿಗೆ ಅಲ್ಲಿ ಹೆಂಗಸರ ಸಹವಾಸ ಇತ್ತೇನು ಎಂದು. ಗಂಡಸರದ್ದೂ ಇರಬಹುದು ಎಂದು ಸೇರಿಸಿ ಪೋಲೀಸಿನವನ ಕಡೆ ನೋಡಿದರು. ಅವನು ನಕ್ಕ. ರೋಗ ಹೇಗೆ ಹರಡಿತು ಎಂದು ತಿಳಿಯುವುದು ಅವರ ಕೆಲಸ, ನಾನು ಒಪ್ಪುತ್ತೇನೆ. ಬಾಗಿಲು ಹಾಕಿಕೊಂಡು ಕೇಳಬಹುದಿತ್ತು. ನಗದೆ ಕೇಳಬಹುದಿತ್ತು. ಹಾಸಿಗೆ, ಟವೆಲು, ಎಣ್ಣೆ ಹಚ್ಚಿದ ಬೆರಳು, ಇವುಗಳಿಂದಲೂ ಬರುತ್ತದೆ ಎಂದು ಊರಿಗೆ ಹೇಳಬಹುದಿತ್ತು. ಹೇಳಿದ್ದರೆ ನಮ್ಮ ಓಣಿಯಲ್ಲಿ ಇನ್ನೊಬ್ಬ ಹೆಣ್ಣುಮಗಳು ತನ್ನ ಗುಳ್ಳೆಯನ್ನು ಮುಚ್ಚಿಡುತ್ತಿರಲಿಲ್ಲ. ಆ ದಿನದ ಮೇಲೆ ಯಾರು ತೋರಿಸಲು ಬರುತ್ತಾರೆ?

ಅಧಿಕಾರಿ ಹೋದ ಮೇಲೆ ಮಹಾಂತೇಶರನ್ನು ನಾನೂ ಅದೇ ಪ್ರಶ್ನೆ ಕೇಳಿದೆ. ಎರಡು ಕೋಣೆಗಳ ನಡುವೆ ಒಂದು ಮುಚ್ಚಿದ ಗಾಜಿನ ಕಿಟಕಿ ಇತ್ತು. ಆ ಕಡೆ ಅವರು, ಈ ಕಡೆ ನಾನು, ಫೋನು ಕಿವಿಗೆ ಹಿಡಿದು. ಅವರು ಉತ್ತರ ಕೊಟ್ಟರು. ಆ ಉತ್ತರ ನನ್ನದು, ಇಲ್ಲಿ ಬರೆಯುವುದಿಲ್ಲ. ಊರಿಗೆ ಅದನ್ನು ತಿಳಿಯುವ ಹಕ್ಕಿಲ್ಲ, ರೋಗಕ್ಕೆ ಅದನ್ನು ತಿಳಿಯುವ ಗರಜಿಲ್ಲ.

ಅವರು ಹೇಳಿದ ಇನ್ನೊಂದನ್ನು ಬರೆಯುತ್ತೇನೆ. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಮ್ಮವರು ಕೂಡಿಯೇ ಇರುತ್ತಿದ್ದರು. ಒಬ್ಬನಿಗೆ ಗುಳ್ಳೆ ಎದ್ದವು. ಆಮೇಲೆ ಇನ್ನೊಬ್ಬನಿಗೆ. ಯಾರನ್ನೂ ದವಾಖಾನೆಗೆ ಕಳಿಸಲಿಲ್ಲ. ಕಳಿಸಿದ್ದರೆ ಕಾರ್ಖಾನೆ ಬಂದ್ ಆಗುತ್ತಿತ್ತು, ಹಂಗಾಮು ಕೊನೆಗೆ ಬಂದಿತ್ತು. ಹೊರಡುವ ದಿನ ಮೇಲಿನವರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೂ ಉದ್ದ ತೋಳಿನ ಹೊಸ ಅಂಗಿ ಕೊಟ್ಟರಂತೆ. ದಾರಿಯಲ್ಲಿ ತೋಳು ಮಡಚಬೇಡಿ ಎಂದರಂತೆ.

"ನಾವು ಮಾನಾ ಮಾಡಿದ್ರಂತ ತಿಳ್ಕೊಂಡ್ವಿ," ಎಂದರು ಮಹಾಂತೇಶ. ಅವರ ಹಣೆ ಗಾಜಿಗೆ ತಾಗಿತ್ತು. "ಅಂಗಿ ಛಲೊ ಇತ್ತ ನೋಡ."

ಆ ಅಂಗಿಯನ್ನು ನಾನೇ ಒಗೆದಿದ್ದೆ. ಇಸ್ತ್ರಿ ಮಾಡಿ, ಕುಬಸದ ಕಾರ್ಯಕ್ಕೆ ಇದನ್ನೇ ಹಾಕಿಕೊಳ್ಳಿ ಎಂದು ಮೊಳೆಗೆ ತೂಗುಹಾಕಿದ್ದೆ. ಎಲ್ಲೋ ಒಂದು ದೇಶದಲ್ಲಿ, ತಣ್ಣನೆಯ ಕೋಣೆಯಲ್ಲಿ ಕೂತು ಯಾರೋ ಯೋಚನೆ ಮಾಡಿದ್ದಾರೆ, ಗುಳ್ಳೆ ಮುಚ್ಚಲು ಎಷ್ಟು ಉದ್ದದ ತೋಳು ಬೇಕು ಎಂದು. ಇಷ್ಟು ಯೋಚಿಸಿದವರಿಗೆ ಆ ತೋಳು ಯಾರ ಮನೆಗೆ ಹೋಗುತ್ತದೆ, ಆ ಮನೆಯಲ್ಲಿ ಯಾರಿದ್ದಾರೆ ಎಂದು ಹೊಳೆಯಲಿಲ್ಲವೇ? ಹೊಳೆದಿರುತ್ತದೆ.

ರೂಪಾಗೆ ಏನಾದರೂ ಮಾಡಬಹುದೇ ಎಂದು ಬಂದ ಬಂದ ಡಾಕ್ಟರರನ್ನೆಲ್ಲ ಕೇಳಿದೆ. ಒಬ್ಬರು ಮಾತ್ರ ನಿಂತು ಉತ್ತರಿಸಿದರು. ಸೋಂಕು ತಗುಲಿದವರ ಸಮೀಪ ಇದ್ದವರಿಗೆ ಬೇಗನೆ ಕೊಟ್ಟರೆ ಪ್ರಯೋಜನಕ್ಕೆ ಬರಬಹುದಾದ ಲಸಿಕೆ ಇದೆಯಂತೆ.

"ಐತ್ರಿ ಮೇಡಂ. ಆದ್ರ ನಮ್ಮ ಕೈಯಾಗ ಇಲ್ಲ."

ಮತ್ತೆ ಯಾರ ಕೈಯಲ್ಲಿದೆ ಎಂದೆ. ಶ್ರೀಮಂತ ದೇಶಗಳಲ್ಲಿ ಇದೆ ಎಂದರು. ಅದನ್ನು ಮಹಾಂತೇಶರಿಗೆ ಹೇಳಿದಾಗ ಅವರು ತಮ್ಮ ಪ್ಯಾನಿನ ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಆ ದೇಶದವನೊಬ್ಬನ ಸುದ್ದಿ ತೆಗೆದರು. ಅವನ ಸಣ್ಣ ಮಗಳಿಗೆ ಬಾಯಿ ತುಂಬ ಹುಣ್ಣಾಗಿ ಹಾಲು ನುಂಗಲಾಗುತ್ತಿರಲಿಲ್ಲವಂತೆ. ಒಂದು ದಿನ ಅವನು ಕೆಲಸಕ್ಕೆ ಬರಲಿಲ್ಲ. ಮರಳಿ ಬಂದಾಗ ತಲೆ ಬೋಳಿಸಿಕೊಂಡಿದ್ದ. ಯಾರೂ ಏನೂ ಕೇಳಲಿಲ್ಲವಂತೆ.

ಆ ಮಗುವಿನ ಊರಿನಲ್ಲಿ ಈ ರೋಗ ಹೊಸದಲ್ಲ. ಕಾಡಿನ ಪ್ರಾಣಿಗಳಿಂದ ಮನುಷ್ಯರಿಗೆ ಬಂದು ಅಲ್ಲೇ ಸುತ್ತುತ್ತಿತ್ತು, ಅಲ್ಲಿಯ ಜನರನ್ನು ಕೊಲ್ಲುತ್ತಿತ್ತು. ಅದು ವಿಮಾನ ಹತ್ತಿ ಬೇರೆ ಬಣ್ಣದವರ ಊರುಗಳಿಗೆ ಇಳಿದ ಮೇಲೆ ಜಗತ್ತಿಗೆಲ್ಲ ತುರ್ತಾಯಿತು. ಬೇಡಿಕೆ ಎಂದರೆ ಬೇಕು ಅನ್ನುವುದಲ್ಲ, ಕೊಳ್ಳುವ ಶಕ್ತಿಯೂ ಇರಬೇಕು ಎಂದು ನಾನು ಪ್ರತಿ ವರ್ಷ ಪಾಠ ಹೇಳುತ್ತೇನೆ. ಹುಡುಗರು ಬರೆದುಕೊಳ್ಳುತ್ತಾರೆ. ಆ ಕೋಣೆಯಲ್ಲಿ ಮಲಗಿದಾಗ ಆ ಪಾಠ ನನಗೆ ಅರ್ಥವಾಯಿತು. ಬಾಯಿ ತುಂಬ ಹುಣ್ಣಾದ ಮಗುವಿನದು ಬೇಡಿಕೆಯಲ್ಲ. ರೂಪಾಳದ್ದೂ ಅಲ್ಲ.

ನನ್ನ ಹೊಪ್ಪಳೆಗಳು ಒಣಗುವ ಹೊತ್ತಿಗೆ ರೂಪಾಗೆ ಜ್ವರ ಬಂತು. ಅಂಗೈಯಲ್ಲಿ ಒಂದು, ರೆಪ್ಪೆಯ ಕೆಳಗೆ ಒಂದು ಗುಳ್ಳೆ. ನನ್ನ ಕೈಯನ್ನು ಅವಳು ಒತ್ತಿಕೊಂಡ ಜಾಗ. ಅದೇ ಆಸ್ಪತ್ರೆಗೆ ಕರೆತಂದು, ಅದೇ ಮಹಡಿಯ ಇನ್ನೊಂದು ತುದಿಯಲ್ಲಿ ಇಟ್ಟರು. ನಾನು ಬಾಗಿಲು ದಾಟುವಂತಿರಲಿಲ್ಲ. ಈರಣ್ಣ ನನ್ನ ಕೋಣೆಯ ಮುಂದೆ ಹಾದು ಹೋದ. ನಾನು ಗಾಜಿಗೆ ಬಡಿದೆ. ಅವನು ನಿಲ್ಲಲಿಲ್ಲ. ನಾನು ಎತ್ತಿ ಆಡಿಸಿದ ತಮ್ಮ, ತಲೆ ತಗ್ಗಿಸಿಕೊಂಡು ಊಟದ ಡಬ್ಬಿ ಹಿಡಿದು ಹೋದ.

ಆ ದಿನಗಳಲ್ಲಿ ನನ್ನ ಹತ್ತಿರ ಮನುಷ್ಯಳಂತೆ ನಡೆದುಕೊಂಡವಳು ಒಬ್ಬ ನರ್ಸ್. ಎರಡೂ ತುದಿಗಳಲ್ಲಿ ಅವಳೇ ಕೆಲಸ ಮಾಡುತ್ತಿದ್ದಳು. ರೂಪಾ ಉಂಡಳೋ ಇಲ್ಲವೋ, ಜ್ವರ ಇಳಿಯಿತೋ ಇಲ್ಲವೋ ಎಂದು ಕೇಳಿ ಕೇಳಿ ನಾನು ಅವಳಿಗೆ ಸಾಕುಸಾಕು ಮಾಡಿಬಿಟ್ಟಿದ್ದೆ. ಒಂದು ಮಧ್ಯಾಹ್ನ ನನ್ನ ಫೋನು ರಿಂಗಾಯಿತು. ಅವಳೇ. ಮಾತಾಡಬೇಡಿ, ಕೇಳಿರಿ ಎಂದಳು. ಮೊದಲು ಗಾಳಿ ಬೀಸಿದಂಥ ಸದ್ದು. ಆಮೇಲೆ ಅದರೊಳಗಿನಿಂದ ಟಪಟಪ ಟಪಟಪ, ಬಹಳ ವೇಗವಾಗಿ, ಯಾರೋ ಓಡಿ ಬರುತ್ತಿರುವ ಹಾಗೆ. ಕೂಸಿನ ಎದೆ ಬಡಿತ. ರೂಪಾಳ ಹೊಟ್ಟೆಯ ಮೇಲೆ ಯಂತ್ರ ಇಟ್ಟು ನೋಡುವಾಗ ಅವಳು ಫೋನು ಸಮೀಪ ಹಿಡಿದಿದ್ದಳು. ಯಾರು ಕೇಳುತ್ತಿದ್ದಾರೆ ಎಂದು ರೂಪಾಗೆ ಹೇಳಿದ್ದಾಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಸದ್ದು ನಿಂತಿತು. ಒಂದು ಕ್ಷಣ ನನ್ನ ಜೀವವೇ ಹೋದಂತಾಯಿತು. ಯಂತ್ರ ತೆಗೆದಿದ್ದರು, ಅಷ್ಟೇ.

ನಾನು ಬಿಡುಗಡೆಯಾಗಿ ಮೂಡಲಗಿಗೆ ಬಂದೆ. ನನ್ನ ತಟ್ಟೆ, ಲೋಟ ಬೇರೆಯಾಗಿದ್ದವು. ಅತ್ತೆ ಅವುಗಳನ್ನು ಹಿತ್ತಲ ಬಾಗಿಲ ಹತ್ತಿರ ಇಟ್ಟಿದ್ದರು. ಡಾಕ್ಟರು ಇನ್ನು ಅಂಟುವುದಿಲ್ಲ ಎಂದಿದ್ದಾರೆ ಎಂದೆ. ಅವರು ನನ್ನ ಕಡೆ ನೋಡದೆ ಜೋಳ ಹಸನು ಮಾಡುತ್ತಿದ್ದರು.

"ತಾಯಿನ ಒಯ್ದು ದವಾಖಾನಿಯಾಗ ಕೆಡವಿದ್ರಿ. ಆಕಿ ಹ್ವಾದ್ಲು. ಈಗ ಉಳಿದದ್ದು ಬ್ಯಾನಿ ಅಷ್ಟ."

ನಾನು ಅಂದು ಅತ್ತೆಯೊಡನೆ ಜಗಳವಾಡಿದೆ. ಮದುವೆಯಾದ ಮೇಲೆ ಆಡದ ಮಾತೆಲ್ಲ ಆಡಿದೆ. ಗುಳ್ಳೆ ಒಡೆದು ಕೀವು ಸೋರುತ್ತಿದ್ದಾಗ, ಯಾರಿಗೆ ಬೇಕಾದರೂ ಅಂಟಿಸಬಲ್ಲವಳಾಗಿದ್ದಾಗ ನನ್ನ ಕಾಲು ತೊಳೆದಿರಿ. ಈಗ ಯಾರಿಗೂ ಏನೂ ಮಾಡಲಾರದವಳಿಗೆ ಹಿತ್ತಲಲ್ಲಿ ತಟ್ಟೆ ಇಡುತ್ತೀರಿ ಎಂದೆ. ಅವರು ಅತ್ತರು. ತಟ್ಟೆ ಅಲ್ಲೇ ಇತ್ತು. ಮರುದಿನ ಮಹಾಂತೇಶ ಅದನ್ನು ಎತ್ತಿ ಒಳಗೆ ತಂದು, ಅದರಲ್ಲೇ ತಾವು ಉಂಡರು.

ಕಾಲೇಜಿನಿಂದ ಸದ್ಯಕ್ಕೆ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಹೇಳಿಕಳಿಸಿದರು. ಸದ್ಯಕ್ಕೆ ಅಂದರೆ ಎಂದಿನ ತನಕ ಎಂದು ಕೇಳಿದೆ, ಫೋನಿನಲ್ಲಿ ಮಾತು ಕೇಳಿಸುತ್ತಿಲ್ಲ ಎಂದರು. ಮುಂದೊಂದು ದಿನ ನಾನೇ ಬಸ್ಸು ಹತ್ತಿ ಹೋಗಿ ತರಗತಿಯಲ್ಲಿ ನಿಂತೆ. ಮುಂದಿನ ಸಾಲಿನ ಹುಡುಗಿಯರು ಹಿಂದೆ ಹೋಗಿ ಕೂತರು. ನಾನು ಪಾಠ ಮಾಡಿದೆ. ಈಗಲೂ ಮಾಡುತ್ತಿದ್ದೇನೆ. ಮುಂದಿನ ಸಾಲು ತುಂಬಲು ಎಷ್ಟೋ ದಿನ ಹಿಡಿಯಿತು.

ಕೂಸು ಹುಟ್ಟಿದ್ದನ್ನು ಈರಣ್ಣ ಫೋನು ಮಾಡಿ ತಿಳಿಸಿದ. ಉಡಿ ತುಂಬಿದ ಮೇಲೆ ಅವನು ನನ್ನೊಡನೆ ಮಾತಾಡಿದ್ದು ಅದೇ ಮೊದಲು.

"ಹೆಣ್ಣು. ತಿಂಗಳ ತುಂಬಿಲ್ಲ. ತೂಕ ಕಡಿಮಿ ಐತಿ," ಎಂದ. ಆಮೇಲೆ, "ಮೈ ಚೊಕ್ಕ ಐತ್ಯಕ್ಕಾ," ಎಂದ. ಅಷ್ಟು ಹೇಳಿ ಫೋನು ಇಟ್ಟುಬಿಟ್ಟ.

ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಸಂತೋಷ ಆಯಿತೆಂದು ಬರೆಯಬೇಕು. ಆಯಿತು. ಆದರೆ ಅದಕ್ಕಿಂತ ಮೊದಲು ಬಂದದ್ದು ಸಿಟ್ಟು. ಇಷ್ಟು ಸಣ್ಣ ಜೀವವೊಂದು ಉಳಿದದ್ದು ಯಾರ ಪುಣ್ಯದಿಂದಲೂ ಅಲ್ಲ. ಅಂಗಿ ಕೊಟ್ಟವರು, ಜ್ವರ ಅಳೆದವರು, ಮೇಜಿನ ಆಚೆಯಿಂದ ನೋಡಿದವರು, ಯಾರೂ ಅದನ್ನು ಉಳಿಸಲಿಲ್ಲ. ಅದು ಹೇಗೋ ಉಳಿಯಿತು. ಆಚೆ ದೇಶದ ಆ ಮಗು ಉಳಿಯಲಿಲ್ಲ. ಎರಡರ ನಡುವೆ ಯಾರ ನ್ಯಾಯವೂ ಇಲ್ಲ.

ಕೂಸು ಚೇತರಿಸಿಕೊಂಡ ಮೇಲೆ ಕೌಜಲಗಿಯಲ್ಲಿ ತೊಟ್ಟಿಲ ಕಾರ್ಯ ಇಟ್ಟುಕೊಂಡರು. ಹೆಸರಿಡುವುದು ಸೋದರತ್ತೆಯ ಕೆಲಸ, ಅಂದರೆ ನನ್ನದು. ಬೇರೆ ಯಾರಿಂದಲಾದರೂ ಇಡಿಸೋಣ ಎಂದು ರೂಪಾಳ ತಾಯಿ ಹೇಳಿದರಂತೆ. ಅಕ್ಕ ಬರದಿದ್ದರೆ ಕೂಸಿಗೆ ಹೆಸರೇ ಬೇಡ ಎಂದು ರೂಪಾ ಹಟ ಹಿಡಿದಳಂತೆ. ಇದನ್ನು ಈರಣ್ಣ ಹೇಳಿದ. ಹೋಗಬಾರದು ಎಂದುಕೊಂಡೆ, ಹೋದೆ.

ನಡುಮನೆಯಲ್ಲಿ ತೊಟ್ಟಿಲು ತೂಗುತ್ತಿತ್ತು. ಹೆಂಗಸರು ಕಿಕ್ಕಿರಿದಿದ್ದರು, ನಾನು ಒಳಗೆ ಬಂದೊಡನೆ ದಾರಿ ತಾನಾಗಿಯೇ ಆಯಿತು. ರೂಪಾಳ ರೆಪ್ಪೆಯ ಕೆಳಗೆ ಸಣ್ಣ ಕುಳಿಯೊಂದು ಉಳಿದಿತ್ತು. ಅವಳು ನನ್ನನ್ನು ನೋಡಿ ನಗಲಿಲ್ಲ. ಕೂಸನ್ನು ತೊಟ್ಟಿಲಿಗೆ ಹಾಕಿ ಪಕ್ಕಕ್ಕೆ ಸರಿದಳು.

ನಮ್ಮಲ್ಲಿ ಸೋದರತ್ತೆ ಬಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ, ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಅದೊಂದು ಆಟ. ಗುದ್ದು ಜೋರಾದಷ್ಟೂ ನಗು ಹೆಚ್ಚು. ಎಷ್ಟೋ ತೊಟ್ಟಿಲ ಕಾರ್ಯಗಳಲ್ಲಿ ನಾನೂ ಗುದ್ದಿದ್ದೇನೆ.

ನಾನು ತೊಟ್ಟಿಲ ಅಂಚು ಹಿಡಿದು ಬಾಗಿದೆ. ಅವರು ಆರಿಸಿದ ಹೆಸರನ್ನು ಆ ಸಣ್ಣ ಕಿವಿಯಲ್ಲಿ ಹೇಳಿದೆ, "ಅನ್ನಪೂರ್ಣಾ."

ಬೆನ್ನಿನ ಮೇಲೆ ಏನೂ ಬೀಳಲಿಲ್ಲ. ಯಾರೋ ಬಳೆ ಸರಿಮಾಡಿಕೊಂಡರು. ಯಾರೋ ಕೆಮ್ಮಿದರು. ಹೆಸರನ್ನು ಮತ್ತೆ ಹೇಳಿದೆ. ಹಿಂದೆ ಅಷ್ಟೊಂದು ಕೈಗಳಿದ್ದವು, ಒಂದೂ ಏಳಲಿಲ್ಲ. ಎದ್ದು ಹೊರಟುಬಿಡಬೇಕು ಎಂದುಕೊಂಡೆ.

ಆಗ ಗುದ್ದು ಬಿತ್ತು. ಭುಜಗಳ ನಡುವೆ, ಮುಷ್ಟಿ ಬಿಗಿ ಹಿಡಿದು ಹಾಕಿದ್ದು. ಉಸಿರು ಕಟ್ಟಿತು. ಯಾರೂ ನಗಲಿಲ್ಲ, ಅದು ಆಟದ ಗುದ್ದಾಗಿರಲಿಲ್ಲ. ಹಿಂದೆಯೇ ಇನ್ನೊಂದು. ಕಿವಿಯ ಹತ್ತಿರ ರೂಪಾಳ ದನಿ ಕೇಳಿತು, ಸಣ್ಣಗೆ, ನನಗೊಬ್ಬಳಿಗೇ.

"ಅಕ್ಕಾರ, ನನ್ನ ಸಿಟ್ಟು ಇನ್ನಾ ಹೋಗಿಲ್ಲ."

"ನಂದೂ ಹೋಗಿಲ್ಲ," ಎಂದೆ. "ಹೊಡಿ."

ಅವಳು ಹೊಡೆದಳು. ನಾನು ತೊಟ್ಟಿಲು ಬಿಡದೆ ಬಾಗಿಯೇ ನಿಂತಿದ್ದೆ. ಕೂಸು ಎಚ್ಚರವಾಗಿ, ಕಲೆ ತುಂಬಿದ ನನ್ನ ಮುಖವನ್ನೇ ನೋಡುತ್ತಿತ್ತು.